ಗಡಿನಾಡಿನ ಬಂದೂಕು ಮತ್ತು ಅದರ ಪ್ರತಿರೂಪ

ಅಮೆರಿಕದ ಗಡಿನಾಡಿನ ಕಥೆಗಳನ್ನು ನೀವು ಪುಸ್ತಕಗಳಲ್ಲಿ ಓದಿರಬಹುದು, ಚಲನಚಿತ್ರಗಳಲ್ಲಿ ನೋಡಿರಬಹುದು. ತೊಗಲಿನ ಅಂಗಿ ತೊಟ್ಟು, ಪ್ರಾಣಿಯ ಬಾಲ ಇಳಿಬಿದ್ದ ಟೊಪ್ಪಿಗೆ ಧರಿಸಿ, ದಟ್ಟವಾದ ಕಾಡಿನಲ್ಲಿ ಒಂಟಿಯಾಗಿ ನಡೆದು ಬರುವ ಬೇಟೆಗಾರನ ಚಿತ್ರ ನಮಗೆ ಹೊಸದಲ್ಲ. ಅವನ ಕೈಯಲ್ಲಿರುವ ಬಂದೂಕನ್ನು ಮಾತ್ರ ನಾವು ಅಷ್ಟಾಗಿ ಗಮನಿಸುವುದಿಲ್ಲ. ಅದರ ಬುಡವನ್ನು ನೆಲಕ್ಕೆ ಊರಿದರೆ ತುದಿ ಅವನ ಗಲ್ಲದ ಹತ್ತಿರ ಬರುತ್ತದೆ, ಅಷ್ಟು ಉದ್ದ. ಇದನ್ನು ಲೋಕವೆಲ್ಲ ಕೆಂಟಕಿ ರೈಫಲ್ ಎಂದು ಕರೆಯಿತು. ಆದರೆ ಅದು ಹುಟ್ಟಿದ್ದು ಕೆಂಟಕಿಯಲ್ಲಲ್ಲ. ಅದನ್ನು ಮಾಡಿದವರು ಕಥೆಯ ನಾಯಕರೂ ಅಲ್ಲ. ಮಾಡಿದವರು ಯಾರು, ಹೇಗೆ ಮಾಡಿದರು, ಆ ವಿದ್ಯೆ ಮರೆಯಾಗುವ ಹಂತಕ್ಕೆ ಬಂದಾಗ ಅದನ್ನು ಮತ್ತೆ ಕಲಿತದ್ದು ಹೇಗೆ ಎಂಬುದನ್ನು ನಿಮ್ಮ ಮುಂದೆ ಇಡುವುದು ಈ ಭಾಷಣದ ಉದ್ದೇಶ.

18ನೆಯ ಶತಮಾನದ ಆದಿಭಾಗದಲ್ಲಿ ಜರ್ಮನ್ ಮಾತನಾಡುವ ಜನ ತಂಡೋಪತಂಡವಾಗಿ ಹಡಗು ಹತ್ತಿ ಪೆನ್ಸಿಲ್ವೇನಿಯಾಕ್ಕೆ ಬಂದು ನೆಲಸಿದರು. ಅವರಲ್ಲಿ ರೈತರಿದ್ದರು, ಬಡಗಿಗಳಿದ್ದರು, ಬಂದೂಕು ಮಾಡುವ ಕಮ್ಮಾರರೂ ಇದ್ದರು. ತಾಯ್ನಾಡಿನಿಂದ ಅವರು ತಂದದ್ದು ಯೇಗರ್ ಎಂಬ ಬಂದೂಕು. ಯೇಗರ್ ಎಂದರೆ ಬೇಟೆಗಾರ. ಅದರ ನಳಿಗೆ ಸುಮಾರು 30 ಅಂಗುಲ ಉದ್ದ, ರಂಧ್ರ ದೊಡ್ಡದು, ಒಡಲು ದಪ್ಪ. ಯುರೋಪಿನ ಒಡೆಯರ ಬೇಟೆಗೆ ಅದು ಸಾಕಾಗಿತ್ತು. ಅಮೆರಿಕದ ಕಾಡಿನಲ್ಲಿ ವಾರಗಟ್ಟಲೆ ಅಲೆಯುವವನಿಗೆ ಸಾಕಾಗಲಿಲ್ಲ. ಅಲ್ಲಿ ಅಂಗಡಿಯಿಲ್ಲ, ಮದ್ದು, ಸೀಸ ಎರಡನ್ನೂ ಬೆನ್ನ ಮೇಲೆಯೇ ಹೊತ್ತು ನಡೆಯಬೇಕು.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕೋಣ. ಆ ಕಾಲದ ಇಂಗ್ಲಿಷ್ ಸಿಪಾಯಿಯ ಮಸ್ಕೆಟ್ ಬಂದೂಕಿನ ಗುಂಡಿನ ಅಡ್ಡಳತೆ ಅಂಗುಲದ ನೂರರಲ್ಲಿ 69 ಭಾಗ. ಒಂದು ಪೌಂಡ್, ಎಂದರೆ ಸುಮಾರು 454 ಗ್ರಾಂ ಸೀಸದಿಂದ ಅಂಥ ಗುಂಡುಗಳು 14 ಆಗುತ್ತವೆ. ಅಡ್ಡಳತೆಯನ್ನು ನೂರರಲ್ಲಿ 44 ಭಾಗಕ್ಕೆ ಇಳಿಸಿದರೆ ಅದೇ ಸೀಸದಿಂದ 54 ಗುಂಡುಗಳಾಗುತ್ತವೆ. ಗುಂಡು ಸಣ್ಣದಾದರೆ ಅದಕ್ಕೆ ಬೇಕಾದ ಮದ್ದೂ ಕಡಿಮೆ. ಪೆನ್ಸಿಲ್ವೇನಿಯಾದ ಕಮ್ಮಾರರು ಮಾಡಿದ್ದು ಇದನ್ನೇ. ರಂಧ್ರವನ್ನು ಕಿರಿದು ಮಾಡಿದರು. ನಳಿಗೆಯನ್ನು 42 ಅಂಗುಲಕ್ಕೂ ಅದಕ್ಕಿಂತ ಹೆಚ್ಚಿಗೂ ಬೆಳೆಸಿದರು. ನಳಿಗೆ ಉದ್ದವಾದಾಗ ಗುರಿ ಹಿಡಿಯುವ ಎರಡು ಗುರುತುಗಳ ನಡುವಣ ಅಂತರ ಹೆಚ್ಚಿ, ಕಣ್ಣಿನ ತಪ್ಪು ಕಡಿಮೆಯಾಯಿತು. ಮರದ ಒಡಲನ್ನು ತೆಳ್ಳಗೆ ಕೆತ್ತಿದರು. ಅದಕ್ಕೆ ಆ ನಾಡಿನ ಮೇಪಲ್ ಮರವನ್ನು ಬಳಸಿದರು. ಹುಲಿಯ ಪಟ್ಟೆಯಂತೆ ಅಲೆಯಲೆಯಾಗಿ ಎಳೆಯಿರುವ ಮರ ಸಿಕ್ಕಿದರೆ ಇನ್ನೂ ಮೆಚ್ಚು.

ಇನ್ನು ಅದು ಕೆಲಸ ಮಾಡುವ ಬಗೆ. ಮಸ್ಕೆಟ್ಟಿನ ನಳಿಗೆ ಒಳಗೆಲ್ಲ ನಯ; ಗುಂಡು ಅದರಲ್ಲಿ ಸಡಿಲವಾಗಿ ಉರುಳುತ್ತಾ ಹೊರಬೀಳುತ್ತದೆ. ರೈಫಲಿನ ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಸಾಗುವ ಗೀರುಗಳಿವೆ. ಬಹುಮಟ್ಟಿಗೆ 48 ಅಂಗುಲಕ್ಕೆ ಒಂದು ಸುತ್ತಿನಂತೆ ಅವು ತಿರುಗುತ್ತವೆ. ಆ ಗೀರುಗಳ ಹಿಡಿತಕ್ಕೆ ಸಿಕ್ಕ ಗುಂಡು ತನ್ನ ಸುತ್ತ ತಾನು ತಿರುಗುತ್ತಾ ಹೊರಡುತ್ತದೆ. ಮಕ್ಕಳ ಬುಗುರಿಯನ್ನು ನೆನೆಯಿರಿ. ಸುಮ್ಮನೆ ನಿಲ್ಲಿಸಿದರೆ ಬೀಳುವ ಬುಗುರಿ ತಿರುಗುವಾಗ ನೆಟ್ಟಗೆ ನಿಲ್ಲುತ್ತದೆಯಲ್ಲವೇ? ತಿರುಗುವ ಗುಂಡು ದಾರಿ ತಪ್ಪದಿರುವುದೂ ಅಂಥದೇ ಕಾರಣದಿಂದ. ಇದನ್ನು ಶಾಸ್ತ್ರೀಯವಾಗಿ ವಿವರಿಸಿದವನು ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ. 1747ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಆತ ಈ ಬಗ್ಗೆ ಪ್ರಬಂಧ ಮಂಡಿಸಿದ. ಕೊನೆಗೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿ ನಮ್ಮ ದೇಶಕ್ಕೇ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ಪೆನ್ಸಿಲ್ವೇನಿಯಾದ ಕಮ್ಮಾರನಿಗೆ ಅವನ ಗಣಿತ ಬೇಕಿರಲಿಲ್ಲ. ಗುಂಡು ಎಲ್ಲಿ ಬೀಳುತ್ತದೆಂದು ಮರದ ಹಲಗೆಗೆ ಹೊಡೆದು ನೋಡಿ ಅವನು ಕಲಿತಿದ್ದ.

ಬಂದೂಕು ತುಂಬುವುದು ನಳಿಗೆಯ ಬಾಯಿಂದ. ಮೊದಲು ಅಳತೆಯ ಕರಿಮದ್ದು ಸುರಿಯಬೇಕು. ಬಾಯಿಯ ಮೇಲೆ ಕೊಬ್ಬು ಸವರಿದ ಬಟ್ಟೆಯ ಇಲ್ಲವೆ ತೆಳು ತೊಗಲಿನ ತುಂಡೊಂದನ್ನು ಹರಡಿ, ಅದರ ನಡುವೆ ಗುಂಡನ್ನಿಟ್ಟು, ಎರಡನ್ನೂ ಕೂಡಿಸಿ ಕೋಲಿನಿಂದ ತಳದವರೆಗೆ ನೂಕಬೇಕು. ಗೀರುಗಳ ಹಿಡಿತವನ್ನು ಗುಂಡಿಗೆ ಮುಟ್ಟಿಸುವುದು ಈ ಬಟ್ಟೆಯೇ. ಬಂದೂಕಿನ ಪಕ್ಕದಲ್ಲಿ ಒಂದು ಪುಟ್ಟ ಬಟ್ಟಲಿದೆ. ಅದರಲ್ಲಿ ಚಿಟಿಕೆ ನುಣುಪಾದ ಮದ್ದು ಹಾಕಿ ಮುಚ್ಚಬೇಕು. ಕುದುರೆಯ ಬಾಯಲ್ಲಿ ಚಕಮಕಿ ಕಲ್ಲು ಸಿಕ್ಕಿಸಿರುತ್ತದೆ. ಕೀಲೊತ್ತಿದಾಗ ಕಲ್ಲು ಉಕ್ಕಿಗೆ ತಾಗಿ ಕಿಡಿ ಹಾರುತ್ತದೆ, ಬಟ್ಟಲಿನ ಮದ್ದು ಹತ್ತುತ್ತದೆ, ನಳಿಗೆಯ ಕಿವಿಯ ಮೂಲಕ ಬೆಂಕಿ ಒಳಹೋಗಿ ಬಂದೂಕು ಸಿಡಿಯುತ್ತದೆ. ಕೆಲವು ಸಲ ಬಟ್ಟಲಷ್ಟೇ ಉರಿದು ಒಳಗಿನ ಮದ್ದು ಹತ್ತುವುದಿಲ್ಲ. ಭರವಸೆ ಹುಟ್ಟಿಸಿ ಬರಿದಾಗುವ ಕೆಲಸವನ್ನು ಇಂಗ್ಲಿಷಿನಲ್ಲಿ ಫ್ಲಾಷ್ ಇನ್ ದಿ ಪ್ಯಾನ್ ಎನ್ನುತ್ತಾರೆ. ಆ ಮಾತು ಬಂದದ್ದು ಈ ಬಟ್ಟಲಿನಿಂದ. ಸರ್ವಸ್ವವನ್ನೂ ಎಂಬರ್ಥದ ಲಾಕ್, ಸ್ಟಾಕ್ ಅಂಡ್ ಬ್ಯಾರೆಲ್ ಎಂಬ ಮಾತೂ ಹೀಗೆಯೇ. ಕಿಡಿ ಹಾರಿಸುವ ಬೀಗ, ಮರದ ಒಡಲು, ಕಬ್ಬಿಣದ ನಳಿಗೆ, ಈ ಮೂರು ಕೂಡಿದರೆ ಬಂದೂಕು.

ಇಷ್ಟು ಹೇಳಿದ ಮೇಲೆ ಅದರ ದೌರ್ಬಲ್ಯವನ್ನೂ ಹೇಳಬೇಕು. ಪಳಗಿದ ಸಿಪಾಯಿ ಮಸ್ಕೆಟ್ಟಿನಿಂದ ನಿಮಿಷಕ್ಕೆ ಮೂರು ಸಲ ಹಾರಿಸಬಲ್ಲ. ಬಟ್ಟೆ ಸುತ್ತಿದ ಗುಂಡನ್ನು ಬಿಗಿಯಾಗಿ ನೂಕಬೇಕಾದ ರೈಫಲಿನಿಂದ ಅದು ಆಗದು. ಅದಕ್ಕೆ ಬಯೊನೆಟ್ ಸಿಕ್ಕಿಸುವಂತಿಲ್ಲ. ಬಯಲಿನಲ್ಲಿ ಸಾಲುಗಟ್ಟಿ ನುಗ್ಗುವ ಸೈನ್ಯದ ಎದುರು ರೈಫಲಿನವನು ಒಬ್ಬಂಟಿ. ಆದರೆ ಮಸ್ಕೆಟ್ಟಿನ ಗುರಿ 100 ಗಜ ದಾಟಿದರೆ ನಂಬುವಂತಿಲ್ಲ. ನುರಿತ ಕೈಯಲ್ಲಿ ರೈಫಲ್ 200 ಗಜದಲ್ಲಿಯೂ ಮನುಷ್ಯನನ್ನು ಮುಟ್ಟುತ್ತದೆ. 1775ರ ಜೂನ್ 14ರಂದು ಅಮೆರಿಕದ ಕಾಂಗ್ರೆಸ್ಸು ರೈಫಲ್ ಹಿಡಿದವರ 10 ತುಕಡಿಗಳನ್ನು ಎಬ್ಬಿಸಲು ನಿರ್ಧರಿಸಿತು: ಪೆನ್ಸಿಲ್ವೇನಿಯಾದಿಂದ 6, ಮೇರಿಲ್ಯಾಂಡ್ ಮತ್ತು ವರ್ಜೀನಿಯಾಗಳಿಂದ ಎರಡೆರಡು. ಅಮೆರಿಕದ ಸೈನ್ಯ ತನ್ನ ಹುಟ್ಟುಹಬ್ಬವನ್ನು ಆಚರಿಸುವುದು ಆ ದಿನವೇ.

1780ರ ಅಕ್ಟೋಬರ್ 7ರಂದು ಕಿಂಗ್ಸ್ ಮೌಂಟನ್ ಎಂಬ ಕಾಡುಗುಡ್ಡದ ಮೇಲೆ ನಡೆದ ಕಾಳಗ ಈ ಬಂದೂಕಿನ ಹೆಸರನ್ನು ಹೆಚ್ಚಿಸಿತು. ಗುಡ್ಡದ ನೆತ್ತಿಯಲ್ಲಿ ಇಂಗ್ಲಿಷರ ಪಕ್ಷದ ಪಡೆ. ಬುಡದಲ್ಲಿ ಮರದಿಂದ ಮರಕ್ಕೆ ಮರೆಯಾಗಿ ಏರುತ್ತಿದ್ದ ಬೆಟ್ಟನಾಡಿನ ಜನ. ಸುಮಾರು ಒಂದು ಗಂಟೆಯಲ್ಲಿ ಕಾಳಗ ಮುಗಿಯಿತು. ಸೋತ ಪಡೆಯ ನಾಯಕ ಮೇಜರ್ ಪ್ಯಾಟ್ರಿಕ್ ಫರ್ಗುಸನ್ ಅಲ್ಲಿಯೇ ಮಡಿದ. ಹಿಂದಿನಿಂದ ಬೇಗ ತುಂಬಬಹುದಾದ ಹೊಸ ಬಗೆಯ ರೈಫಲನ್ನು ಕಂಡುಹಿಡಿದು 1776ರಲ್ಲಿ ಪೇಟೆಂಟ್ ಪಡೆದವನು ಈತನೇ. ಅವನನ್ನು ಬೀಳಿಸಿದ್ದು ಬಾಯಿಂದ ತುಂಬುವ ಬಂದೂಕುಗಳು. ಇದೇ ಯುದ್ಧದ ಕೊನೆಯ ಭಾಗದಲ್ಲಿ, 1782ರ ಏಪ್ರಿಲ್‌ನಲ್ಲಿ, ಈ ಬಂದೂಕುಗಳ ತವರಾದ ಪೆನ್ಸಿಲ್ವೇನಿಯಾ ಸಜ್ಜುಗೊಳಿಸಿದ ಯುದ್ಧನೌಕೆಯೊಂದು ತನಗಿಂತ ಬಲವಾದ ಇಂಗ್ಲಿಷ್ ನೌಕೆಯನ್ನು ಡೆಲವೇರ್ ಕೊಲ್ಲಿಯಲ್ಲಿ ಸೆರೆಹಿಡಿಯಿತು. ಗೆದ್ದ ನೌಕೆಯ ಹೆಸರು ಹೈದರ್ ಅಲಿ! ಅದೇ ಇಂಗ್ಲಿಷರೊಡನೆ ಇಲ್ಲಿ ಮೈಸೂರಿನ ಹೈದರಾಲಿ ಕಾದಾಡುತ್ತಿದ್ದ ಸುದ್ದಿ ಅಷ್ಟು ದೂರ ಹೋಗಿ ಅಲ್ಲಿನವರಿಗೆ ಧೈರ್ಯ ತಂದಿತ್ತು.

ಹಾಗಾದರೆ ಕೆಂಟಕಿಯ ಹೆಸರು ಏಕೆ ಬಂತು? ಆ ಕಾಲದವರು ಇದನ್ನು ಬರಿದೆ ರೈಫಲ್ ಗನ್ ಎನ್ನುತ್ತಿದ್ದರು. 1815ರ ಜನವರಿ 8ರಂದು ನ್ಯೂ ಆರ್ಲಿಯನ್ಸಿನಲ್ಲಿ ಇಂಗ್ಲಿಷರು ಸೋತರು. ಅವರನ್ನು ಹೆಚ್ಚಾಗಿ ಹಣ್ಣುಮಾಡಿದ್ದು ಫಿರಂಗಿಗಳು. ಆದರೆ ಕೆಲವು ವರ್ಷಗಳ ತರುವಾಯ ಕೆಂಟಕಿಯ ಬೇಟೆಗಾರರನ್ನು ಹೊಗಳುವ ಹಾಡೊಂದು ಊರೂರಿನಲ್ಲಿ ಜನಪ್ರಿಯವಾಯಿತು. ಹಾಡು ಹೆಸರನ್ನು ಗೆದ್ದಿತು. ಲ್ಯಾಂಕ್ಯಾಸ್ಟರಿನ ಜೇಕಬ್ ಡಿಕರ್ಟನಂಥ ಕುಶಲಿಗಳು ನಳಿಗೆಯ ಮೇಲೆ ಕೊರೆದ ತಮ್ಮ ಹೆಸರುಗಳು ನಳಿಗೆಯ ಮೇಲೆಯೇ ಉಳಿದವು.

ಮುಂದೆ ಜನ ಪಶ್ಚಿಮಕ್ಕೆ ಸರಿದಂತೆ ಬಂದೂಕೂ ಬದಲಾಯಿತು. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫಾರ್ಸೈತ್ ಹಕ್ಕಿ ಬೇಟೆಯ ಹುಚ್ಚಿನವನು. ಬಟ್ಟಲಿನ ಮದ್ದು ಭಗ್ಗೆಂದೊಡನೆ ಹಕ್ಕಿಗಳು ಹಾರಿಹೋಗುತ್ತವೆಂದು ಬೇಸತ್ತು, ಪೆಟ್ಟು ಬಿದ್ದೊಡನೆ ಸಿಡಿಯುವ ರಾಸಾಯನಿಕವನ್ನು ಬಳಸುವ ಉಪಾಯ ಹೂಡಿ 1807ರಲ್ಲಿ ಪೇಟೆಂಟ್ ಪಡೆದ. ಅದರಿಂದ ಬೆಳೆದು ಬಂದದ್ದು ತಾಮ್ರದ ಪುಟ್ಟ ಟೊಪ್ಪಿ, ಎಂದರೆ ಕೇಪು. ನಮ್ಮ ಮಲೆನಾಡಿನವರು ಕೇಪಿನ ಕೋವಿ ಎನ್ನುವುದು ಈ ಬಗೆಯದನ್ನೇ. ಮಿಸಿಸಿಪಿ ನದಿಯ ದಡದ ಸೇಂಟ್ ಲೂಯಿಸ್ ಪಟ್ಟಣದಲ್ಲಿ ಜೇಕಬ್ ಮತ್ತು ಸ್ಯಾಮ್ಯುಯೆಲ್ ಹಾಕನ್ ಎಂಬ ಅಣ್ಣತಮ್ಮಂದಿರು ಹೊಸ ಮಾದರಿಯೊಂದನ್ನು ರೂಪಿಸಿದರು. ಕುದುರೆಯ ಮೇಲೆ ಸಾಗಿಸಲು ನಳಿಗೆ ಗಿಡ್ಡವಾಯಿತು. ಕರಡಿ, ಕಾಡೆಮ್ಮೆಗಳನ್ನು ಕೆಡಹಲು ರಂಧ್ರ ಮತ್ತೆ ದೊಡ್ಡದಾಯಿತು. ಹಿತ್ತಾಳೆಯ ಜಾಗಕ್ಕೆ ಕಬ್ಬಿಣ ಬಂತು. ತೂಕ 10 ಪೌಂಡಿನವರೆಗೆ ಏರಿತು. ಜಿಮ್ ಬ್ರಿಡ್ಜರ್ ಎಂಬ ಹೆಸರಾಂತ ಬೆಟ್ಟಗಾಡಿನ ಬೇಟೆಗಾರನ ಹಾಕನ್ ಬಂದೂಕನ್ನು ಮೊಂಟಾನಾದ ಇತಿಹಾಸ ಸಂಘ ಕಾಪಾಡಿಕೊಂಡು ಬಂದಿದೆ.

ಗಡಿನಾಡು ಎಂಬ ಮಾತನ್ನು ಆಡುವಾಗ ಒಂದು ಕ್ಷಣ ನಿಲ್ಲಬೇಕು. ಅದು ಬಿಳಿಯರಿಗೆ ಗಡಿ. ಶಾನಿ, ಡೆಲವೇರ್, ಚೊಕ್ಟಾ ಮುಂತಾದ ಮೂಲನಿವಾಸಿಗಳಿಗೆ ಅದು ಮನೆ. ಅವರೂ ಈ ಬಂದೂಕನ್ನು ಬಲ್ಲವರಾಗಿದ್ದರು, ತೊಗಲು ಕೊಟ್ಟು ಕೊಳ್ಳುತ್ತಿದ್ದರು, ಬಿಳಿಯರಷ್ಟೇ ಚೆನ್ನಾಗಿ ಗುರಿಯಿಡುತ್ತಿದ್ದರು. 1830ರಲ್ಲಿ ಮಿಸಿಸಿಪಿಯ ಚೊಕ್ಟಾ ಜನರಿಂದ ಅವರ ನೆಲ ಬಿಡಿಸಿಕೊಂಡ ಒಪ್ಪಂದದಲ್ಲಿ ಒಂದು ಕಲಮು ಇದೆ: ಊರು ಬಿಟ್ಟು ಪಶ್ಚಿಮಕ್ಕೆ ಹೋಗುವ ಪ್ರತಿಯೊಬ್ಬ ಯೋಧನಿಗೂ ಒಂದು ರೈಫಲ್, ಗುಂಡಿನ ಅಚ್ಚು, ಮದ್ದುಗುಂಡು ಕೊಡತಕ್ಕದ್ದು. ಹುಟ್ಟಿದ ನೆಲಕ್ಕೆ ಬದಲಾಗಿ ಬಂದೂಕು! ಈ ವಸ್ತುವನ್ನು ಕಲಿಯುವವನು ಅದರ ಚೆಲುವಿನ ಜೊತೆಗೆ ಈ ಕಲಮನ್ನೂ ಕಲಿಯಬೇಕು. ಹಾಗಲ್ಲದೆ ಹೋದರೆ ಅರ್ಧ ಕಲಿತಂತೆ.

1860ರ ದಶಕದ ಹೊತ್ತಿಗೆ ತೋಟಾ ಬಂದೂಕುಗಳು ಬಂದವು. 1862ರಲ್ಲಿ ಸ್ಯಾಮ್ಯುಯೆಲ್ ಹಾಕನ್ ತನ್ನ ಅಂಗಡಿ ಮಾರಿದ. ಹಳೆಯ ರೈಫಲುಗಳು ಅಟ್ಟ ಸೇರಿದವು. ಬಂದೂಕು ಉಳಿಯಿತು, ಅದನ್ನು ಮಾಡುವ ವಿದ್ಯೆ ಉಳಿಯುವುದು ಕಷ್ಟವಾಯಿತು. ಕಮ್ಮಾರ ತನ್ನ ಕೆಲಸವನ್ನು ಪುಸ್ತಕದಲ್ಲಿ ಬರೆದಿಡಲಿಲ್ಲ. ಪಕ್ಕದಲ್ಲಿ ನಿಂತ ಹುಡುಗನ ಕೈಗೆ ಕೊಟ್ಟಿದ್ದ. ಆ ಹುಡುಗನ ಮಗ ಬೇರೆ ಉದ್ಯೋಗ ಹಿಡಿದಾಗ ಕೊಂಡಿ ಕಳಚುತ್ತಾ ಬಂತು. ಮೂಲೆಯ ಕೆಲವು ಬೆಟ್ಟದ ಊರುಗಳಲ್ಲಿ ಮಾತ್ರ ಅಲ್ಲೊಬ್ಬ ಇಲ್ಲೊಬ್ಬ ಮುದುಕ ಅದನ್ನು ಮುಂದುವರಿಸಿದ್ದ.

1933ರಲ್ಲಿ ಬಾಯಿಂದ ತುಂಬುವ ಬಂದೂಕಿನ ಆಸಕ್ತರು ಕೂಡಿ ಅಮೆರಿಕದಲ್ಲಿ ಒಂದು ರಾಷ್ಟ್ರೀಯ ಸಂಘ ಕಟ್ಟಿದರು. ಇಂಡಿಯಾನಾ ಸಂಸ್ಥಾನದ ಫ್ರೆಂಡ್‌ಶಿಪ್ ಎಂಬ ಚಿಕ್ಕ ಊರು ಅವರ ಗುರಿಪಂದ್ಯಗಳ ಕೇಂದ್ರವಾಯಿತು. ಹಳೆಯ ಬಂದೂಕುಗಳನ್ನೇ ಹಾರಿಸುತ್ತಾ ಹೋದರೆ ಅವು ಸವೆದು ಮುಗಿಯುತ್ತವೆ. ಆದ್ದರಿಂದ ಪ್ರತಿರೂಪಗಳಿಗೆ ಬೇಡಿಕೆ ಹುಟ್ಟಿತು. 1950ರ ದಶಕದಿಂದ ವ್ಯಾಪಾರಿಗಳು ಅವನ್ನು ತಯಾರಿಸಿ ಮಾರತೊಡಗಿದರು. ಇಟಲಿಯ ಬ್ರೆಷಿಯಾ ಸೀಮೆಯ ಬಂದೂಕು ಕಾರ್ಖಾನೆಗಳು ಇದರಲ್ಲಿ ಮುಂದಾದವು. 1970ರಲ್ಲಿ ಥಾಮ್ಸನ್ ಸೆಂಟರ್ ಎಂಬ ಅಮೆರಿಕನ್ ಸಂಸ್ಥೆ ಹಾಕನ್ ಹೆಸರಿನ ಬಂದೂಕೊಂದನ್ನು ಹೊರತಂದಿತು. ಅದು ಸಾವಿರಾರು ಜನರನ್ನು ಈ ಹವ್ಯಾಸಕ್ಕೆ ಎಳೆಯಿತು. ಆದರೆ ಅದರ ನಳಿಗೆ 28 ಅಂಗುಲ, ಒಡವೆ ಹಿತ್ತಾಳೆ, ಬೀಗದೊಳಗೆ ಸುರುಳಿ ಸ್ಪ್ರಿಂಗು. ಅಣ್ಣತಮ್ಮಂದಿರ ಹಾಕನ್ನಿನಲ್ಲಿ ನಳಿಗೆ ಬಹುಮಟ್ಟಿಗೆ 34 ಅಂಗುಲಕ್ಕೆ ಮೇಲ್ಪಟ್ಟು, ಒಡವೆ ಕಬ್ಬಿಣ, ಸ್ಪ್ರಿಂಗು ಚಪ್ಪಟೆ. ಹೊಸದು ಕೆಲಸಕ್ಕೆ ಒಳ್ಳೆಯ ಬಂದೂಕು. ಹಾಕನ್ ಏನೆಂದು ತಿಳಿಯಲು ಒಳ್ಳೆಯ ಪಾಠವಲ್ಲ.

ಇಲ್ಲಿ ಪ್ರತಿರೂಪದಲ್ಲಿ ಎರಡು ಬಗೆಯಿರುವುದನ್ನು ಗಮನಿಸಿ. ಒಂದು, ಕಣ್ಣಿಗೆ ಹಾಗೆ ಕಾಣುವುದು. ಇನ್ನೊಂದು, ಹಾಗೆಯೇ ಮಾಡಿದ್ದು. ಎರಡನೆಯದಕ್ಕೆ ಉತ್ತಮ ಉದಾಹರಣೆ ವರ್ಜೀನಿಯಾದ ಹಳೆಯ ರಾಜಧಾನಿ ವಿಲಿಯಮ್ಸ್‌ಬರ್ಗ್. 18ನೆಯ ಶತಮಾನದ ಆ ಪಟ್ಟಣವನ್ನು ಅಲ್ಲಿ ಇದ್ದಂತೆಯೇ ಮತ್ತೆ ಎತ್ತಿ ನಿಲ್ಲಿಸಿದ್ದಾರೆ. ಅಲ್ಲಿನ ಬಂದೂಕು ಕಮ್ಮಟದ ಮುಖ್ಯಸ್ಥನಾಗಿದ್ದ ವಾಲೆಸ್ ಗಸ್ಲರ್ ಹಳೆಯ ಉಪಕರಣಗಳಿಂದಲೇ ಒಂದು ರೈಫಲನ್ನು ಮೊದಲಿನಿಂದ ಕಡೆಯವರೆಗೆ ಮಾಡಿದ. ಆ ಕೆಲಸವನ್ನು ತೋರಿಸುವ ಚಲನಚಿತ್ರ 1969ರಲ್ಲಿ ಹೊರಬಂದಿತು.

ಕೆಲಸದ ಕ್ರಮ ಇದು. ಕಬ್ಬಿಣದ ಚಪ್ಪಟೆ ಪಟ್ಟಿಯನ್ನು ಬೆಳ್ಳಗೆ ಕಾಯಿಸಿ, ಒಂದು ಸಲಾಕಿಯ ಸುತ್ತ ಬಾಗಿಸಿ, ಅಂಚಿಗೆ ಅಂಚು ಕೂಡಿಸಿ ಸುತ್ತಿಗೆಯಿಂದ ಬೆಸೆಯಬೇಕು. ಒಂದೊಂದು ಸಲಕ್ಕೆ ಬೆಸೆಯುವುದು ಕೆಲವೇ ಅಂಗುಲ. ಒಂದೆಡೆ ಬೆಸುಗೆ ಸೋತರೂ ನಳಿಗೆ ಮುಂದೊಂದು ದಿನ ಹಾರಿಸುವವನ ಮುಖದ ಹತ್ತಿರವೇ ಸಿಡಿಯಬಹುದು. ಆಮೇಲೆ ಒಳರಂಧ್ರವನ್ನು ಕೊರೆದು ನೇರ ಮಾಡಬೇಕು. ಸುರುಳಿಗೀರು ಕೊರೆಯಲು ಉದ್ದನೆಯ ಮರದ ಯಂತ್ರವಿದೆ. ಅದರ ದುಂಡು ದಿಮ್ಮಿಯ ಮೈಮೇಲೆ ಸುರುಳಿಯ ಗಾಡಿ ಕೆತ್ತಿರುತ್ತದೆ. ದಿಮ್ಮಿಯನ್ನು ಎಳೆದಾಗ ಅದು ತಿರುಗುತ್ತಾ ಬರುತ್ತದೆ, ಅದಕ್ಕೆ ಕಟ್ಟಿದ ಕೋಲಿನ ತುದಿಯ ಉಕ್ಕಿನ ಹಲ್ಲು ನಳಿಗೆಯೊಳಗೆ ಅದೇ ಸುರುಳಿಯನ್ನು ಗೀಚುತ್ತದೆ. ಒಂದು ಎಳೆತಕ್ಕೆ ಹೊರಬರುವುದು ಕೂದಲೆಳೆಯಷ್ಟು ಕಬ್ಬಿಣ. ಹಲ್ಲು ಸವರಿಕೊಂಡು ಹೋಗತೊಡಗಿದಾಗ ಅದರ ಕೆಳಗೆ ಒಂದು ಚೂರು ಕಾಗದ ಸಿಕ್ಕಿಸಿ ಎತ್ತರಿಸಬೇಕು, ಮತ್ತೆ ಎಳೆಯಬೇಕು. ಒಂದೊಂದು ಗೀರಿಗೂ ಹತ್ತಾರು ಸಲ. ಇಡೀ ಬಂದೂಕಿಗೆ ನೂರಾರು ಗಂಟೆಗಳ ದುಡಿಮೆ.

ಇಷ್ಟು ಕಷ್ಟಪಟ್ಟು ಮಾಡಿ ತಿಳಿದದ್ದೇನು? ಒಂದು ಸಂಗತಿ ಹೇಳುತ್ತೇನೆ. 18ನೆಯ ಶತಮಾನದ ಅನೇಕ ನಳಿಗೆಗಳು ನೋಡುವುದಕ್ಕೆ ನೇರ. ಅಳೆದು ನೋಡಿದರೆ ಬುಡದಲ್ಲಿ ದಪ್ಪ, ಮುಂದೆ ಹೋದಂತೆ ಸಣ್ಣ, ಬಾಯಿಯ ಬಳಿ ಮತ್ತೆ ತುಸು ದಪ್ಪ. ಚಿತ್ರ ನೋಡಿ ಮಾಡಿದ ಅಗ್ಗದ ಪ್ರತಿರೂಪಗಳಲ್ಲಿ ನಳಿಗೆ ಉದ್ದಕ್ಕೂ ಒಂದೇ ದಪ್ಪ. ಅದನ್ನು ಭುಜಕ್ಕೆ ಏರಿಸಿದರೆ ತುದಿ ನೆಲಕ್ಕೆ ಜಗ್ಗುತ್ತದೆ. ಹಳೆಯದನ್ನು ಏರಿಸಿದರೆ ಎರಡು ಕೈಗಳ ನಡುವೆ ತಕ್ಕಡಿಯಂತೆ ನಿಲ್ಲುತ್ತದೆ. ಗಾಜಿನ ಪೆಟ್ಟಿಗೆಯಲ್ಲಿಟ್ಟ ಬಂದೂಕು ಈ ಗುಟ್ಟನ್ನು ನೂರು ವರ್ಷ ನೋಡಿದರೂ ಹೇಳುವುದಿಲ್ಲ. ಎತ್ತಿ ಹಿಡಿದವನಿಗೆ ಒಂದು ಕ್ಷಣದಲ್ಲಿ ಹೇಳುತ್ತದೆ. ಅದನ್ನು ಬಡಿದು ಮಾಡಿದವನಿಗೆ ಏಕೆ ಹಾಗೆಂಬುದನ್ನೂ ಹೇಳುತ್ತದೆ.

ಕಲಿಯಬಯಸುವವರಿಗೆ ಎರಡು ಎಚ್ಚರಿಕೆಯ ಮಾತು. ಒಳ್ಳೆಯ ಪ್ರತಿರೂಪವನ್ನು ಮಸಿ ಹಿಡಿಸಿ, ತುಕ್ಕು ಬರಿಸಿ, ಹಳೆಯದೆಂದು ಮಾರುವ ಜನರಿದ್ದಾರೆ. ಆದ್ದರಿಂದಲೇ ಪ್ರಾಮಾಣಿಕನಾದ ಕುಶಲಿ ತನ್ನ ಹೆಸರನ್ನೂ ಇಸವಿಯನ್ನೂ ಅಳಿಸಲಾಗದಂತೆ ಕೊರೆಯುತ್ತಾನೆ. ಎರಡನೆಯದು, ಪ್ರತಿರೂಪ ಆಟಿಕೆಯಲ್ಲ. ಕರಿಮದ್ದಿಗೆಂದು ಮಾಡಿದ ನಳಿಗೆಗೆ ಇಂದಿನ ಹೊಗೆಯಿಲ್ಲದ ಮದ್ದು ತುಂಬಿದರೆ ಅದು ಬಿರಿದು ಪ್ರಾಣ ತೆಗೆಯಬಲ್ಲದು. ಅಜ್ಜನ ಕಾಲದ ಆಯುಧವೆಂದು ಸಲಿಗೆ ಸಲ್ಲದು.

ವಿದ್ಯೆಗೆ ಎರಡು ಮನೆಗಳಿವೆ: ಒಂದು ಪುಸ್ತಕ, ಇನ್ನೊಂದು ಕೈ. ಪುಸ್ತಕದ ಮನೆ ಸುಟ್ಟರೆ ಊರಿಗೆಲ್ಲ ತಿಳಿಯುತ್ತದೆ. ಕೈಯ ಮನೆ ಸದ್ದಿಲ್ಲದೆ ಖಾಲಿಯಾಗುತ್ತದೆ, ಏಕೆಂದರೆ ಅದು ಮಾಡಿದ ವಸ್ತು ಕಣ್ಣೆದುರಿಗೇ ಇರುತ್ತದೆ. ವಸ್ತು ಇದೆಯಲ್ಲ ಎಂದು ನಾವು ಸಮಾಧಾನದಿಂದಿರುತ್ತೇವೆ. ಪೆನ್ಸಿಲ್ವೇನಿಯಾದ ಕಮ್ಮಾರನ ಕೈಯನ್ನು ಮರಳಿ ಪಡೆಯಲು ಅಮೆರಿಕನ್ನರು ತಾವೇ ಕುಲುಮೆಯ ಮುಂದೆ ನಿಲ್ಲಬೇಕಾಯಿತು. ಕಬ್ಬಿಣ ಕಾಯಿಸಿ, ಕೆಡಿಸಿ, ಮತ್ತೆ ಕಾಯಿಸಿ ಅವರು ಕಲಿತರು. ನಿಮ್ಮ ಮನೆಯ ಅಟ್ಟದ ಮೇಲೂ ಮಾಡಿದವರ ಹೆಸರು ಮರೆತುಹೋದ ಹಳೆಯ ವಸ್ತುವೊಂದು ಇರಬಹುದು. ಅದನ್ನು ಮಾಡುವ ಬಗೆ ತಿಳಿದ ಹಿರಿಯರು ಊರಿನಲ್ಲಿ ಇನ್ನೂ ಇದ್ದರೆ, ಅವರನ್ನು ಕೇಳುವ ಕೆಲಸವನ್ನು ನಾಳೆಗೆ ಇಟ್ಟುಕೊಳ್ಳಬೇಡಿ.